ಬೆಂಗಳೂರಿನಿಂದ ಹೊರದೇಶದಲ್ಲಿ ವ್ಯವಹಾರ: ಯಾವ ವೀಸಾ, ಯಾವ ದಾಖಲೆ, ಹಣ ಕಳಿಸುವುದು ಹೇಗೆ

ಜಯನಗರದ ಮನೆಯಲ್ಲೇ ಕೂತು ಅಮೆರಿಕದ ಡೆಲವೇರ್‌ನಲ್ಲಿ ಕಂಪನಿ ನೋಂದಾಯಿಸಬಹುದು. ಆನ್‌ಲೈನ್‌ನಲ್ಲೇ ಕಂಪನಿ ನಡೆಸಲು ಎಸ್ಟೋನಿಯಾ ಕೊಡುವ ಡಿಜಿಟಲ್ ಗುರುತಾದ ಇ-ರೆಸಿಡೆನ್ಸಿಗೂ ಇಲ್ಲಿಂದಲೇ ಅರ್ಜಿ ಹಾಕಬಹುದು. ಆದರೆ ಅಲ್ಲಿ ವಾಸಿಸುವ, ದುಡಿಯುವ ಹಕ್ಕು ಇವೆರಡರಿಂದಲೂ ಬರುವುದಿಲ್ಲ. ಕಂಪನಿಯ ಒಡೆತನ ಬೇರೆ, ವೀಸಾ ಬೇರೆ. ಬಿ-1 ಎಂಬ ವ್ಯವಹಾರ ಭೇಟಿಯ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ ಗ್ರಾಹಕರನ್ನು ಕಾಣಬಹುದು, ಒಪ್ಪಂದದ ಮಾತಾಡಬಹುದು, ಬಾಡಿಗೆಗೆ ಜಾಗ ನೋಡಬಹುದು. ಅದೇ ವೀಸಾದಲ್ಲಿ ಕಂಪನಿಯ ದಿನನಿತ್ಯದ ಕೆಲಸಕ್ಕೆ ಕೈಹಾಕಿದರೆ ಮುಂದಿನ ಎಲ್ಲ ಅರ್ಜಿಗಳಿಗೂ ಕುತ್ತು.

ನಿಮ್ಮ ವ್ಯವಹಾರಕ್ಕೆ ಹೊಂದುವ ದಾರಿ

ಪೀಣ್ಯದಲ್ಲಿ ಈಗಾಗಲೇ ಕಾರ್ಖಾನೆ ನಡೆಸುತ್ತಿರುವವರಿಗೆ ಅಥವಾ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕಂಪನಿ ಇರುವವರಿಗೆ ಅಮೆರಿಕದ ಎಲ್-1ಎ, ಅಂದರೆ ಕಂಪನಿಯೊಳಗಿನ ವರ್ಗಾವಣೆಯ ವೀಸಾ, ಹತ್ತಿರದ ದಾರಿ. ಹಿಂದಿನ 3 ವರ್ಷಗಳಲ್ಲಿ ಸತತ 1 ವರ್ಷ ಇಲ್ಲಿನ ಕಂಪನಿಯಲ್ಲಿ ದುಡಿದಿರಬೇಕು. ಅಲ್ಲಿ ಮಾಡುವ ಕೆಲಸ ಮ್ಯಾನೇಜರ್ ಮಟ್ಟದ್ದಾಗಿರಬೇಕು. ಎರಡೂ ಕಂಪನಿಗಳಿಗೆ ಒಡೆತನದ ನಂಟಿರಬೇಕು, ಅಲ್ಲಿ ನಿಜವಾದ ಕಚೇರಿ ಜಾಗ ಸಿದ್ಧವಿರಬೇಕು. ಹೊಸ ಕಚೇರಿಗೆ ಮೊದಲು ಸಿಗುವುದು 1 ವರ್ಷ ಮಾತ್ರ, ಒಟ್ಟು ಮಿತಿ 7 ವರ್ಷ. ಹೆಚ್ಚಿನವರು ಎಡವುವುದು ಮೊದಲ ನವೀಕರಣದಲ್ಲಿ. ವರ್ಷ ಕಳೆದರೂ ಮಾಲೀಕರೇ ಬಿಲ್ ಬರೆದು, ಪಾರ್ಸೆಲ್ ಕಟ್ಟುತ್ತಿದ್ದರೆ ಇದು ಮ್ಯಾನೇಜರ್ ಕೆಲಸವಲ್ಲ ಎಂದು ಅಧಿಕಾರಿ ತೀರ್ಮಾನಿಸುತ್ತಾರೆ. ಮೊದಲ ವರ್ಷದ ಬಜೆಟ್‌ನಲ್ಲೇ ಎರಡು ಮೂರು ನೌಕರರ ಸಂಬಳ ಸೇರಿಸಿಕೊಳ್ಳಿ.

ಅಮೆರಿಕದ ಹೂಡಿಕೆದಾರರ ವೀಸಾವಾದ ಇ-2 ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಎಚ್ಚರ. ಅದು ಅಮೆರಿಕದೊಂದಿಗೆ ಒಪ್ಪಂದವಿರುವ ದೇಶಗಳ ಪ್ರಜೆಗಳಿಗಷ್ಟೇ; ಭಾರತ ಆ ಪಟ್ಟಿಯಲ್ಲಿಲ್ಲ. ಗ್ರೆನಡಾದ ಪೌರತ್ವ ಕೊಂಡು ಆ ಮೂಲಕ ಇ-2 ಪಡೆಯಿರಿ ಎನ್ನುವುದು ಏಜೆಂಟರು ಮಾರುವ ಉಪಾಯ. 2022ರ ಡಿಸೆಂಬರ್‌ನಲ್ಲಿ ಬಂದ ಅಮೆರಿಕದ ಕಾನೂನಿನ ಪ್ರಕಾರ, ಹೂಡಿಕೆಯಿಂದ ಪೌರತ್ವ ಪಡೆದವರು ಆ ದೇಶದಲ್ಲಿ ಸತತ 3 ವರ್ಷ ನೆಲೆಸಿರಬೇಕು. ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಇಷ್ಟು ದೊಡ್ಡ ಮಾತನ್ನು ಹೇಳದೆ ಮುಂಗಡ ಕೇಳುವವರಿಂದ ದಯವಿಟ್ಟು ದೂರವಿರಿ.

ಹಣಬಲ ಇರುವವರಿಗೆ ಹೂಡಿಕೆಯಿಂದ ಗ್ರೀನ್ ಕಾರ್ಡ್ ಕೊಡುವ ಇಬಿ-5 ಇದೆ: ನಿಗದಿತ ಪ್ರದೇಶಗಳಲ್ಲಿ 8 ಲಕ್ಷ ಡಾಲರ್, ಉಳಿದೆಡೆ 10.5 ಲಕ್ಷ, ಜೊತೆಗೆ 10 ಉದ್ಯೋಗ. ಅಮೆರಿಕದ ಹೂಡಿಕೆದಾರರು ಈಗಾಗಲೇ ಹಣ ಹಾಕಿರುವ ಸ್ಟಾರ್ಟಪ್‌ಗೆ ಇಂಟರ್‌ನ್ಯಾಷನಲ್ ಆಂತ್ರಪ್ರೆನರ್ ಪೆರೋಲ್ ಎಂಬ ವ್ಯವಸ್ಥೆಯಿದೆ. 2024ರ ಅಕ್ಟೋಬರ್‌ನಿಂದ ಅದಕ್ಕೆ ಬೇಕಾದ ಹೂಡಿಕೆ 3,11,071 ಡಾಲರ್. ಅದು ವೀಸಾ ಅಲ್ಲ, 30 ತಿಂಗಳ ತಾತ್ಕಾಲಿಕ ಅನುಮತಿ.

ಬ್ರಿಟನ್ನಿನ ಇನ್ನೊವೇಟರ್ ಫೌಂಡರ್ ವೀಸಾ 2023ರ ಏಪ್ರಿಲ್‌ನಲ್ಲಿ ಬಂತು. ಹಿಂದಿನ 50,000 ಪೌಂಡ್ ಹೂಡಿಕೆಯ ಷರತ್ತು ಇದರಲ್ಲಿಲ್ಲ. ಬದಲಿಗೆ ನಿಮ್ಮ ಯೋಜನೆ ಹೊಸದು, ನಡೆಯುವಂಥದ್ದು, ಬೆಳೆಯುವಂಥದ್ದು ಎಂದು ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯೊಂದು ಪತ್ರ ಕೊಡಬೇಕು. ಆ ಪರಿಶೀಲನೆಗೆ 1,000 ಪೌಂಡ್, ಆಮೇಲಿನ ಎರಡು ಪ್ರಗತಿ ಸಭೆಗಳಿಗೆ ತಲಾ 500. ಪತ್ರ ಬಂದ 3 ತಿಂಗಳೊಳಗೆ ವೀಸಾ ಅರ್ಜಿ ಹಾಕಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್‌ನಂತೆ ಮೂರೂ ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು. ಇದನ್ನು ಮರೆತು ಕೊನೆಗಳಿಗೆಯಲ್ಲಿ ಪರದಾಡುವವರಿದ್ದಾರೆ. ಖಾತೆಯಲ್ಲಿ 1,270 ಪೌಂಡ್ ಸತತ 28 ದಿನ ಇರಬೇಕು. ಒಂದೇ ಒಂದು ದಿನ ಕೆಳಗಿಳಿದರೂ ಅರ್ಜಿ ತಿರಸ್ಕಾರವಾಗಬಹುದು. ಬ್ರಿಟನ್ ವೀಸಾಕ್ಕೆಂದೇ ಇರುವ ಯುಕೆವಿಐ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ 5.5 ಬೇಕು. ಕ್ಷಯರೋಗದ ತಪಾಸಣೆಯನ್ನು ಅವರು ಮಾನ್ಯ ಮಾಡಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ಪ್ರಮಾಣಪತ್ರ 6 ತಿಂಗಳು ಚಾಲ್ತಿ.

ದರ್ಶಿನಿ ಮಾದರಿಯ ಹೋಟೆಲನ್ನು ಹೊರದೇಶಕ್ಕೆ ಒಯ್ಯುವ ಆಸೆ ನಮ್ಮಲ್ಲಿ ಬಹಳ ಜನಕ್ಕಿದೆ. ಅಂಥವರಿಗೆ ಉದ್ಯಮಿಗಳಿಗೆಂದು ಸಿಂಗಪುರ ಕೊಡುವ ಆಂತ್ರೆಪಾಸ್ ಎಂಬ ಪರವಾನಗಿ ಸಿಗುವುದಿಲ್ಲ. ಕಾಫಿ ಅಂಗಡಿ, ಫುಡ್ ಕೋರ್ಟ್, ಬಾರ್‌ಗಳನ್ನು ಅವರು ಹೆಸರಿಸಿಯೇ ಹೊರಗಿಟ್ಟಿದ್ದಾರೆ. ಅದು ಹೂಡಿಕೆ ಪಡೆದ ಅಥವಾ ಹೊಸ ತಂತ್ರಜ್ಞಾನವಿರುವ ಕಂಪನಿಗೆ ಮೀಸಲು. ಕಂಪನಿ ಮೊದಲೇ ನೋಂದಾಯಿಸಿದ್ದರೆ 6 ತಿಂಗಳು ತುಂಬಿರಬಾರದು. ಹೋಟೆಲಿಗೆ ದುಬೈ ಮೇಲು. ಆದರೆ ಫ್ರೀ ಝೋನ್ (ವಿಶೇಷ ವ್ಯಾಪಾರ ವಲಯ) ಲೈಸೆನ್ಸ್ ಅಗ್ಗವೆಂದು ಅದನ್ನೇ ತೆಗೆದುಕೊಳ್ಳಬೇಡಿ, ಅದೊಂದರಿಂದಲೇ ಊರಿನ ಬೀದಿಯಲ್ಲಿ ಅಂಗಡಿ ತೆರೆಯಲಾಗದು. ಆ ವಲಯಗಳ ಹೊರಗಿನ ಊರಿಗೆ ಅನ್ವಯಿಸುವ ಮೇನ್‌ಲ್ಯಾಂಡ್ ಲೈಸೆನ್ಸ್ ಬೇಕು. 2021ರ ಜೂನ್‌ನಿಂದ ಬಹುತೇಕ ವ್ಯವಹಾರಗಳಿಗೆ ಸ್ಥಳೀಯ ಪಾಲುದಾರರ ಅಗತ್ಯವಿಲ್ಲ. ಸಾಮಾನ್ಯ ನಿವಾಸ ವೀಸಾದವರು 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾ ರದ್ದಾಗುತ್ತದೆ.

ಕೆನಡಾದ ಸ್ಟಾರ್ಟಪ್ ವೀಸಾವನ್ನು ಲೆಕ್ಕದಿಂದ ಬಿಡಿ. 2025ರ ಡಿಸೆಂಬರ್ 31ಕ್ಕೆ ಹೊಸಬರಿಗೆ ಅದು ಮುಚ್ಚಿತು.

ಹೆಸರು ಮತ್ತು ದಾಖಲೆ

ನಮ್ಮವರ ಹೆಸರಿನ ಇನಿಷಿಯಲ್‌ಗಳು ಇಲ್ಲಿ ದೊಡ್ಡ ತಲೆನೋವು. ಅಂಕಪಟ್ಟಿಯಲ್ಲಿ ಊರಿನ ಹೆಸರು, ಪ್ಯಾನ್‌ನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಕಂಪನಿ ಷೇರು, ಬ್ಯಾಂಕ್ ಖಾತೆ, ವೀಸಾ ಮೂರರಲ್ಲೂ ಒಂದೇ ಹೆಸರಿರಬೇಕು. ಆದ್ದರಿಂದ ಎಲ್ಲಕ್ಕಿಂತ ಮೊದಲು ಲಾಲ್‌ಬಾಗ್ ರಸ್ತೆ ಅಥವಾ ಮಾರತಹಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಇನಿಷಿಯಲ್‌ಗಳನ್ನು ಪೂರ್ತಿ ಹೆಸರಾಗಿ ಬರೆಸಿ, ಸರ್‌ನೇಮ್ ತುಂಬಿಸಿಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಅದಕ್ಕೂ ಪಾಸ್‌ಪೋರ್ಟ್ ಸೇವೆಯಲ್ಲೇ ಅರ್ಜಿ.

ಪದವಿ ಪತ್ರಗಳಿಗೆ ಹೆಚ್ಚಿನ ದೇಶಗಳಲ್ಲಿ ಅಪೊಸ್ಟಿಲ್ (ಅಂತಾರಾಷ್ಟ್ರೀಯ ಒಪ್ಪಂದದಡಿ ವಿದೇಶಾಂಗ ಸಚಿವಾಲಯ ಹಾಕುವ ದೃಢೀಕರಣ ಮುದ್ರೆ) ಸಾಕು. ಯುಎಇ ಆ ಒಪ್ಪಂದದಲ್ಲಿಲ್ಲ, ಅದಕ್ಕೆ ವಿದೇಶಾಂಗ ಸಚಿವಾಲಯದ ದೃಢೀಕರಣದ ಮೇಲೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಹಣದ ಮೂಲ ಮತ್ತು ಹಣದ ದಾರಿ

ದೊಡ್ಡ ಹೂಡಿಕೆಯ ವೀಸಾಗಳಲ್ಲಿ, ಮುಖ್ಯವಾಗಿ ಇಬಿ-5ರಲ್ಲಿ, ಹಣ ಎಲ್ಲಿಂದ ಬಂತು ಎಂಬುದನ್ನು ರೂಪಾಯಿ ರೂಪಾಯಿಗೆ ತೋರಿಸಬೇಕು. ಸೈಟ್ ಮಾರಿದ ಹಣವಾದರೆ ಕ್ರಯಪತ್ರ, ಕಾವೇರಿ ಪೋರ್ಟಲ್‌ನ ಋಣಭಾರ ಪತ್ರ, ಖಾತಾ, ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್ ಒಂದಕ್ಕೊಂದು ತಾಳೆಯಾಗಬೇಕು. ಕ್ರಯಪತ್ರದಲ್ಲಿ ಒಂದು ಮೊತ್ತ ಬರೆದು ಉಳಿದದ್ದನ್ನು ನಗದಾಗಿ ಪಡೆದಿದ್ದರೆ ಆ ನಗದು ಈ ಕೆಲಸಕ್ಕೆ ಬರುವುದೇ ಇಲ್ಲ. ಹಿರಿಯರ ಜಮೀನಾದರೆ ಪಹಣಿ, ವಿಭಾಗಪತ್ರಗಳ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಮಾಡಿಸಿ. ಅನುವಾದಕರ ಸಹಿ, ವಿಳಾಸ, ದಿನಾಂಕ ಇರಲಿ.

ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಕಳಿಸಬಹುದು. ಮಾರ್ಚ್ ಕೊನೆಯಲ್ಲಿ ಒಮ್ಮೆ, ಏಪ್ರಿಲ್ ಮೊದಲಲ್ಲಿ ಇನ್ನೊಮ್ಮೆ ಕಳಿಸಿದರೆ ಕೆಲವೇ ದಿನಗಳಲ್ಲಿ ಎರಡು ವರ್ಷದ ಮಿತಿ ಸಿಗುತ್ತದೆ, ಇದರಲ್ಲಿ ಅಕ್ರಮವೇನಿಲ್ಲ. ಹೂಡಿಕೆಗೆ ಕಳಿಸುವ ಹಣಕ್ಕೆ ಬ್ಯಾಂಕ್ ಸಾಲ ಬಳಸುವಂತಿಲ್ಲ. ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ 20% ಟಿಸಿಎಸ್ (ಬ್ಯಾಂಕ್ ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್‌ನಲ್ಲಿ ಅದು ವಾಪಸ್ ಬಂದರೂ ತಿಂಗಳುಗಟ್ಟಲೆ ಕೈಯಲ್ಲಿ ಇರುವುದಿಲ್ಲ. ಆ ಮೊತ್ತ ಬೇರೆ ಇಟ್ಟುಕೊಳ್ಳಿ.

ಹೊರದೇಶದಲ್ಲಿರುವ ನಿಮ್ಮದೇ ಕಂಪನಿಗೆ ಹಣ ಹಾಕುವುದಾದರೆ 2022ರ ಸಾಗರೋತ್ತರ ಹೂಡಿಕೆ ನಿಯಮಗಳು ಅನ್ವಯಿಸುತ್ತವೆ. ಮೊದಲು ಬ್ಯಾಂಕಿಗೆ ಹೂಡಿಕೆಯ ವಿವರದ ಫಾರ್ಮ್ ಎಫ್‌ಸಿ, ಅದರ ಮೇಲೆ ಆ ಹೊರದೇಶದ ಕಂಪನಿಗೆ ಸಿಗುವ ಗುರುತಿನ ಸಂಖ್ಯೆ (ಯುಐಎನ್), ಆಮೇಲೆ ಹಣ. ಕುಟುಂಬದ ಖರ್ಚು ಎಂದು ಬರೆಸಿ ಕಳಿಸಿ, ಆಮೇಲೆ ಅದನ್ನೇ ಷೇರು ಬಂಡವಾಳ ಎಂದರೆ ವಿದೇಶಿ ವಿನಿಮಯ ಕಾನೂನಾದ ಫೆಮಾದ ಉಲ್ಲಂಘನೆಯಾಗುತ್ತದೆ. 6 ತಿಂಗಳೊಳಗೆ ಷೇರು ಪ್ರಮಾಣಪತ್ರ ಬ್ಯಾಂಕಿಗೆ ಕೊಡಿ, ಪ್ರತಿವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ವರದಿ ಸಲ್ಲಿಸಿ. ನಿಮ್ಮ ಹಿಡಿತದಲ್ಲಿರುವ ಹೊರದೇಶದ ಕಂಪನಿಗೆ ಅಧೀನ ಕಂಪನಿ ಇರುವಂತಿಲ್ಲ. ಸಿಂಗಪುರದಲ್ಲಿ ಮಾತೃಸಂಸ್ಥೆ ಕಟ್ಟಿ ಅದರಡಿ ಬೆಂಗಳೂರಿನ ಕಂಪನಿಯನ್ನು ತರಲು ಹೊರಟವರು ಸಿಕ್ಕಿಬೀಳುವುದು ಇಲ್ಲೇ. ಬೆಂಗಳೂರಿನ ಪ್ರೈವೇಟ್ ಲಿಮಿಟೆಡ್ ಕಂಪನಿಯೇ ಹೂಡಿದರೆ ಎಲ್‌ಆರ್‌ಎಸ್ ಮಿತಿ ಇಲ್ಲ, ಆ ಕಂಪನಿಯ ನಿವ್ವಳ ಮೌಲ್ಯದ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು) 400%ವರೆಗೆ ಅವಕಾಶವಿದೆ. ಎಲ್-1ಎಗೆ ಈ ದಾರಿಯೇ ಹೆಚ್ಚು ಹೊಂದುತ್ತದೆ.

ಹೊರಡುವ ಮುನ್ನ

ವ್ಯವಹಾರಕ್ಕೆಂದು ನೆಲೆಸಲು ಹೊರಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದು ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಇಲ್ಲಿನ ಕಂಪನಿಯಲ್ಲಿ ಹಣಕಾಸು ವರ್ಷದಲ್ಲಿ ಕನಿಷ್ಠ 182 ದಿನ ಭಾರತದಲ್ಲಿರುವ ಒಬ್ಬ ನಿರ್ದೇಶಕರು ಇರಲೇಬೇಕೆಂದು ಕಂಪನಿ ಕಾಯ್ದೆ ಹೇಳುತ್ತದೆ. ಗಂಡ ಹೆಂಡತಿ ಇಬ್ಬರೇ ನಿರ್ದೇಶಕರಾಗಿದ್ದು ಇಬ್ಬರೂ ಹೊರಟಿದ್ದರೆ, ಟಿಕೆಟ್ ಕೊಳ್ಳುವ ಮೊದಲೇ ಇಲ್ಲಿ ಉಳಿಯುವ ನಂಬಿಕಸ್ಥರೊಬ್ಬರನ್ನು ಮೂರನೆಯ ನಿರ್ದೇಶಕರನ್ನಾಗಿ ಸೇರಿಸಿಕೊಳ್ಳಿ.