ರಾಗಿಯ ಪ್ರೋಟೀನಿನಲ್ಲಿ ಯಾವುದು ಯಾವುದನ್ನು ಮುಟ್ಟುತ್ತದೆ

ಪರದೆಯ ಮೇಲೆ ಬಂದ ಮೊದಲ ಅಂಕಿ ನೋಡಿಯೇ ನಾನು ಪ್ರೋಗ್ರಾಮನ್ನು ನಿಲ್ಲಿಸಿದೆ. ಎರಡು ಬೇರೆ ಬೇರೆ ಅಮೈನೊ ಆಮ್ಲಗಳ ಇಂಗಾಲದ ಪರಮಾಣುಗಳ ನಡುವಿನ ದೂರ ಅರ್ಧ ಆಂಗ್‌ಸ್ಟ್ರಾಮಿಗಿಂತಲೂ ಕಡಿಮೆ ಎಂದು ಅದು ಹೇಳುತ್ತಿತ್ತು. ಆಂಗ್‌ಸ್ಟ್ರಾಮ್ ಎಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ಅಷ್ಟು ಸಣ್ಣ ಅಳತೆಯಲ್ಲೂ ಪರಮಾಣುವಿಗೆ ಮೈ ಎಂಬುದಿದೆ. 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು, ಬಂಧವಿಲ್ಲದ ಎರಡು ಇಂಗಾಲಗಳು ಸಾಮಾನ್ಯವಾಗಿ 3.2, ತೀರಾ ಒತ್ತಿದರೆ 3.0 ಆಂಗ್‌ಸ್ಟ್ರಾಮ್‌ವರೆಗೆ ಹತ್ತಿರ ಬರಬಹುದು ಎಂದು ಮಿತಿ ಹಾಕಿಕೊಂಡೇ ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು ಎಂದು ತೋರಿಸುವ ತಮ್ಮ ಪ್ರಸಿದ್ಧ ನಕ್ಷೆಯನ್ನು ಬರೆದರು. ಆ ಮಿತಿಗಳ ಕೋಷ್ಟಕವನ್ನು ನನ್ನ ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಅದು ಕಣ್ಣೆದುರು ಇದ್ದುದರಿಂದಲೇ ಆ ದಿನ ತಪ್ಪು ಬೇಗ ಸಿಕ್ಕಿತು.

ನಾನು ತೆರೆದಿದ್ದ ಕಡತ ರಾಗಿಯ ಒಂದು ಪ್ರೋಟೀನಿನದು, ಅದರ ಪ್ರತಿ ಪರಮಾಣು ಎಲ್ಲಿದೆ ಎಂದು ಬರೆದಿಟ್ಟದ್ದು. ನಮ್ಮದು ಮಂಡ್ಯದ ಕಡೆಯ ಊರು. ತಾತ ಇಂಡಾಫ್ ರಾಗಿ ಬೆಳೆಯುತ್ತಿದ್ದರು. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಬೆರಕೆ ಮಾಡಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ರೂಪಿಸಿದ ತಳಿಗಳವು. ನಮ್ಮಲ್ಲಿ ಅವರ ಹೆಸರೇ ರಾಗಿ ಲಕ್ಷ್ಮಣಯ್ಯ ಎಂದಾಗಿಬಿಟ್ಟಿದೆ. ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟ ರಾಗಿಯನ್ನು ಮೇಲೆತ್ತಿದಾಗ ತಾತ ಒಂದು ಹಿಡಿ ಅಂಗೈಗೆ ಸುರಿದುಕೊಂಡು, “ನೋಡು ಮಗಳೇ, ಒಂದು ಹುಳು ಇಲ್ಲ” ಎನ್ನುತ್ತಿದ್ದರು. ಹುಳು ಬೀಳದಿರಲು ಕಾರಣ ಒಂದೇ ಅಲ್ಲ. ಕಾಳು ಸಣ್ಣದು, ಗಟ್ಟಿ, ಚೆನ್ನಾಗಿ ಒಣಗಿರುತ್ತದೆ. ಆದರೆ ಆ ಕಾಳಿನೊಳಗೆ 122 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್ ಒಂದಿದೆ ಎಂದು ಎಂ.ಎಸ್ಸಿ. ಓದುವಾಗ ತಿಳಿದ ದಿನದಿಂದ ಅದು ನನ್ನನ್ನು ಬಿಟ್ಟಿಲ್ಲ. ಪಿಷ್ಟವನ್ನು ಅರಗಿಸುವ ಅಮೈಲೇಸ್, ಪ್ರೋಟೀನನ್ನು ಅರಗಿಸುವ ಟ್ರಿಪ್ಸಿನ್, ಈ ಎರಡೂ ಕಿಣ್ವಗಳನ್ನು ಅದು ತಡೆಯುತ್ತದೆ. ಶಿವರಾಜ್ ಮತ್ತು ಪಟ್ಟಾಭಿರಾಮನ್ ಎಂಬ ಇಬ್ಬರು ವಿಜ್ಞಾನಿಗಳು 1981ರಲ್ಲೇ ಇದರ ಗುಣಗಳನ್ನು ವಿವರಿಸಿದ್ದರು.

ತಪ್ಪು ಆದದ್ದು ಹೀಗೆ. 1ಬಿಐಪಿ ಎಂಬ ಆ ಕಡತ, ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ಆಕಾರ ತಿಳಿಯುವ ಎನ್‌ಎಂಆರ್ ವಿಧಾನದಿಂದ ಬಂದದ್ದು. ಆ ವಿಧಾನ ಒಂದೇ ರಚನೆಯನ್ನು ಕೊಡುವುದಿಲ್ಲ. ಅಳತೆಗಳಿಗೆ ಹೊಂದುವ ಹಲವು ಮಾದರಿಗಳನ್ನು ಒಂದೇ ಕಡತದಲ್ಲಿ ಒಂದರ ಕೆಳಗೊಂದು ಬರೆದಿರುತ್ತದೆ. ಇಂಥ ಕಡತಗಳನ್ನು ಓದುವ ಬಯೋಪೈಥಾನ್ ಎಂಬ ತಂತ್ರಾಂಶದಲ್ಲಿ ನಾನು ಕಡತದ ಎಲ್ಲ ಪರಮಾಣುಗಳನ್ನೂ ಒಟ್ಟಿಗೆ ಕೇಳಿದ್ದೆ. ಅದು ಎಲ್ಲ ಮಾದರಿಗಳನ್ನೂ ಒಂದರ ಮೇಲೊಂದು ರಾಶಿ ಹಾಕಿ ಕೊಟ್ಟಿತು. ಮೊದಲ ಮಾದರಿಯನ್ನಷ್ಟೇ ಆರಿಸಿದ ಮೇಲೆ ಅಂಕಿಗಳು ಸರಿಹೋದವು. ಅಲ್ಲಿಗೇ ಬಿಡಬಹುದಿತ್ತು. ಆದರೆ ಆ ಸುಳ್ಳು ಸಂಪರ್ಕಗಳು ಎಲ್ಲಿ ಹೆಚ್ಚು ಗುಂಪುಗೂಡಿದ್ದವು ಎಂದು ಮತ್ತೆ ನೋಡಿದೆ: ಸರಪಳಿಯ ತುದಿಯಲ್ಲಿ, ಮೊದಲ ಕೆಲವು ಅಮೈನೊ ಆಮ್ಲಗಳಲ್ಲಿ. ಅಂದರೆ ಆ ತುದಿ ಒಂದೊಂದು ಮಾದರಿಯಲ್ಲಿ ಒಂದೊಂದು ಕಡೆ ತೂಗಾಡುತ್ತಿತ್ತು. ಅದನ್ನು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಮುಂದೆ ಬೇಕಾಯಿತು.

ಸಂಪರ್ಕ ಎಂದರೇನು ಎಂಬುದನ್ನು ಎಣಿಸುವ ಮುನ್ನವೇ ತೀರ್ಮಾನಿಸಬೇಕು. ಇದನ್ನು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ಅಮೈನೊ ಆಮ್ಲ ಸರಪಳಿಗೆ ಸೇರುವಾಗ ನೀರಿನ ಅಣುವೊಂದನ್ನು ಕಳೆದುಕೊಳ್ಳುತ್ತದೆ. ಉಳಿದ ಭಾಗವೇ ರೆಸಿಡ್ಯೂ. ಅದರ ಬೆನ್ನೆಲುಬಿನ ನಡುವಿನ ಇಂಗಾಲ ಆಲ್ಫಾ, ಅಲ್ಲಿಂದ ಪಕ್ಕಕ್ಕೆ ಚಾಚುವ ಕೈಯ ಮೊದಲ ಇಂಗಾಲ ಬೀಟಾ. ಎರಡು ರೆಸಿಡ್ಯೂಗಳ ಬೀಟಾ ಇಂಗಾಲಗಳು ಎಂಟು ಆಂಗ್‌ಸ್ಟ್ರಾಮಿನೊಳಗೆ ಇದ್ದರೆ ಸಂಪರ್ಕ ಎನ್ನುವುದು ಒಂದು ವಾಡಿಕೆ. ಪ್ರೋಟೀನುಗಳ ಆಕಾರವನ್ನು ಮುಂದಾಗಿ ಊಹಿಸುವ ಕ್ಯಾಸ್ಪ್ ಪರೀಕ್ಷೆ 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಅಲ್ಲಿಯೂ ಸಂಪರ್ಕಗಳ ಊಹೆಗೆ ಇದೇ ಅಳತೆ ಬಳಕೆಯಲ್ಲಿತ್ತು. ಗ್ಲೈಸಿನ್‌ಗೆ ಬೀಟಾ ಇಂಗಾಲವೇ ಇಲ್ಲದ್ದರಿಂದ ಅಲ್ಲಿ ಆಲ್ಫಾ ಇಂಗಾಲವನ್ನು ಹಿಡಿಯಬೇಕು. ಇನ್ನೊಂದು ವಾಡಿಕೆಯಲ್ಲಿ ಹೈಡ್ರೋಜನ್ ಬಿಟ್ಟು ಉಳಿದ ಯಾವ ಪರಮಾಣು ಜೋಡಿಯಾದರೂ 4.5 ಆಂಗ್‌ಸ್ಟ್ರಾಮಿನೊಳಗಿದ್ದರೆ ಸಾಕು.

ಸರಪಳಿಯ ಒಟ್ಟು ಮಡಿಕೆ ನೋಡಲು ಮೊದಲನೆಯದು ಚೆನ್ನಾಗಿದೆ. ನಾಲ್ಕು ಸುರುಳಿಗಳು ಮೇಲೆ ಹೋಗಿ ಕೆಳಗೆ ಬಂದು ಒಂದರ ಪಕ್ಕ ಒಂದು ನಿಲ್ಲುವ ರಾಗಿ ಪ್ರೋಟೀನನ್ನು ಸಂಪರ್ಕ ನಕ್ಷೆಯಾಗಿ, ಅಂದರೆ ಎರಡು ಅಂಚಿನಲ್ಲೂ ರೆಸಿಡ್ಯೂಗಳನ್ನು ಸಾಲಾಗಿಟ್ಟು ಮುಟ್ಟುವ ಜೋಡಿಗೊಂದು ಚುಕ್ಕೆ ಇಟ್ಟು ಬರೆದರೆ, ಕರ್ಣರೇಖೆಯ ಉದ್ದಕ್ಕೂ ಸುರುಳಿಗಳ ದಪ್ಪ ಪಟ್ಟಿ, ಅದಕ್ಕೆ ಅಡ್ಡಲಾಗಿ ಜೋಡಿ ಸುರುಳಿಗಳ ಗೆರೆಗಳು ಕಾಣುತ್ತವೆ. ಸುರುಳಿಯಲ್ಲಿ ನಾಲ್ಕನೆಯ ನೆರೆಯವನು ಹೇಗೂ ಹತ್ತಿರ ಇರುತ್ತಾನೆ. ಅವುಗಳನ್ನು ಎಣಿಸಿದರೆ ಪಟ್ಟಿ ಉಬ್ಬುತ್ತದೆಯೇ ಹೊರತು ತಿಳಿವಳಿಕೆ ಬೆಳೆಯುವುದಿಲ್ಲ. ಸರಪಳಿಯಲ್ಲಿ ಆರಕ್ಕಿಂತ ಹತ್ತಿರದವರನ್ನು ನಾನು ಬಿಟ್ಟುಬಿಡುತ್ತೇನೆ.

ಎರಡು ಪ್ರೋಟೀನುಗಳು ಒಂದನ್ನೊಂದು ಹಿಡಿದಿರುವ ಕಡೆ ಮಾತ್ರ ಬೀಟಾ ಇಂಗಾಲದ ಲೆಕ್ಕವನ್ನು ನಾನು ನಂಬುವುದಿಲ್ಲ. ಆರ್ಜಿನೀನ್ ಎಂಬ ಅಮೈನೊ ಆಮ್ಲದ ಕೈ ಉದ್ದ. ಅದರ ತುದಿ ಎದುರಿನ ಆಸ್ಪಾರ್ಟಿಕ್ ಆಮ್ಲವನ್ನು ಗಟ್ಟಿಯಾಗಿ ಹಿಡಿದಿದ್ದರೂ ಬೀಟಾ ಇಂಗಾಲಗಳು ಎಂಟು ಆಂಗ್‌ಸ್ಟ್ರಾಮಿನ ಆಚೆ ಇರಬಹುದು. ಹಿಡಿತಕ್ಕೆ ಮುಖ್ಯವಾದ ಲವಣಸೇತುವೆಯೇ, ಅಂದರೆ ವಿರುದ್ಧ ವಿದ್ಯುದಂಶಗಳ ಸೆಳೆತವೇ, ಪಟ್ಟಿಯಿಂದ ಜಾರಿಹೋಗುತ್ತದೆ.

ಹಾಗಾಗಿ 1ಟಿಎಂಕ್ಯೂ ಕಡತವನ್ನು ತೆರೆದಾಗ 4.5ರ ಲೆಕ್ಕವನ್ನೇ ಹಿಡಿದೆ. ರಾಗಿಯ ಪ್ರೋಟೀನ್ ಹಿಟ್ಟಿನ ಹುಳುವಿನ ಅಮೈಲೇಸನ್ನು ಹಿಡಿದಿರುವ ಹರಳಿನ ರಚನೆ ಅದು, 1998ರಲ್ಲಿ 2.5 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಪ್ರಕಟವಾಯಿತು. ಎರಡೂ ಸೇರಿ ಸುಮಾರು ನಾಲ್ಕೂವರೆ ಸಾವಿರ ಪರಮಾಣುಗಳು. ಪ್ರತಿ ಜೋಡಿಯನ್ನೂ ಅಳೆದರೆ ಕೋಟಿ ಲೆಕ್ಕ. ಹತ್ತಿರದವರನ್ನು ಮಾತ್ರ ಹುಡುಕುವ ಕೆಡಿ ಮರದ ಕ್ರಮ ಬಯೋಪೈಥಾನಿನಲ್ಲೇ ಇದೆ. ಮಂಡ್ಯದಿಂದ ಮೈಸೂರಿಗೆ ಬರುವ ರೈಲಿನಲ್ಲಿ, ತೊಡೆಯ ಮೇಲಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಕ್ಷಣದಲ್ಲಿ ಮುಗಿಯಿತು.

ಫಲಿತಾಂಶ ನೋಡುವ ಮೊದಲು ಪ್ರೋಗ್ರಾಮನ್ನು ಪರೀಕ್ಷಿಸಿದೆ. ರಾಗಿಯ ಈ ಪ್ರೋಟೀನಿನಲ್ಲಿ ಐದು ಗಂಧಕ ಸೇತುವೆಗಳಿವೆ, ಅಂದರೆ ಎರಡು ಸಿಸ್ಟೀನ್‌ಗಳ ಗಂಧಕಗಳು ಬೆಸೆದುಕೊಂಡ ಐದು ಜಾಗಗಳಿವೆ ಎಂದು ಗೊತ್ತೇ ಇದೆ. ಗಂಧಕದಿಂದ ಗಂಧಕಕ್ಕೆ ಎರಡು ಆಂಗ್‌ಸ್ಟ್ರಾಮಿಗಿಂತ ತುಸು ಹೆಚ್ಚು ದೂರ. ಐದೂ ಸಿಗದಿದ್ದರೆ ತಪ್ಪು ನನ್ನ ಬರಹದಲ್ಲಿದೆ, ಪ್ರೋಟೀನಿನಲ್ಲಲ್ಲ. ಐದೂ ಸಿಕ್ಕವು.

ಆಮೇಲೆ ಎರಡು ಸರಪಳಿಗಳ ನಡುವಿನ ಪಟ್ಟಿ ತೆರೆದೆ. ರಾಗಿಯ ಕಡೆಯಿಂದ ಮೊದಲ ಐದು ರೆಸಿಡ್ಯೂಗಳು, ಸೆರೀನ್ 1ರಿಂದ ಅಲನಿನ್ 5ರವರೆಗೆ (ಅಂಕಿ ಸರಪಳಿಯಲ್ಲಿ ಎಷ್ಟನೆಯದು ಎಂಬುದು), ಅಮೈಲೇಸ್ ಪಿಷ್ಟವನ್ನು ಹಿಡಿಯುವ ಸೀಳಿನೊಳಕ್ಕೇ ಇಳಿದಿದ್ದವು. ಪ್ರೋಲೀನ್ 52ರಿಂದ ಸಿಸ್ಟೀನ್ 55ರವರೆಗಿನ ತುಂಡು ಅವುಗಳ ಜೊತೆಗೆ. ಸೆರೀನ್ 1ರ ಎದುರು ಆಸ್ಪಾರ್ಟಿಕ್ ಆಮ್ಲ 185 ಮತ್ತು ಗ್ಲುಟಾಮಿಕ್ ಆಮ್ಲ 222, ಪಿಷ್ಟವನ್ನು ಕತ್ತರಿಸುವ ಕೆಲಸದಲ್ಲಿ ತೊಡಗುವ ರೆಸಿಡ್ಯೂಗಳೇ. ನೋಟ್‌ಪುಸ್ತಕದ ಹಳೆಯ ಪುಟ ತಿರುವಿದೆ. ಒಂಟಿಯಾಗಿದ್ದಾಗ ತೂಗಾಡುತ್ತಿದ್ದ ಅದೇ ತುದಿ, ಇಲ್ಲಿ ಪುಟ್ಟ ಸುರುಳಿಯಾಗಿ ಬಿಗಿದುಕೊಂಡು ಬೀಗದಲ್ಲಿ ಕೀಲಿಯಂತೆ ಕೂತಿತ್ತು. ರಚನೆ ಬಿಡಿಸಿದ ವಿಜ್ಞಾನಿಗಳು ಇದನ್ನೆಲ್ಲ ಆಗಲೇ ಬರೆದಿದ್ದಾರೆ, ನಿಜ. ಆದರೂ ಶ್ರೀರಂಗಪಟ್ಟಣದ ಸೇತುವೆಯ ಮೇಲೆ ರೈಲು ಸದ್ದು ಮಾಡುವಾಗ ನನ್ನದೇ ಪಟ್ಟಿಯಲ್ಲಿ ಅದನ್ನು ಕಂಡಾಗ ಕಣ್ಣು ತುಂಬಿ ಬಂತು. ತಾತನಿಗೆ ತೋರಿಸಬೇಕಿತ್ತು.

ಮರುದಿನ ವಿದ್ಯಾರ್ಥಿನಿಯೊಬ್ಬಳು ಪಟ್ಟಿ ನೋಡಿ, “ಮೇಡಂ, ಇದು 4.48 ಇದೆ, ಸಂಪರ್ಕ. ಅದು 4.53, ಸಂಪರ್ಕ ಅಲ್ಲ. ಇದು ನ್ಯಾಯವೇ?” ಎಂದು ಕೇಳಿದಳು. ನ್ಯಾಯವಲ್ಲ. 2.5 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ರಚನೆಯಲ್ಲಿ ಪರಮಾಣುವಿನ ಸ್ಥಾನವೇ ಅಷ್ಟು ನಿಖರವಲ್ಲ. ಎರಡನೆಯ ದಶಾಂಶಕ್ಕೆ ಅರ್ಥವಿಲ್ಲ. ಅಂದಿನಿಂದ ನಾವು ಪ್ರತಿ ರಚನೆಯನ್ನೂ 4, 4.5, 5 ಎಂದು ಮೂರು ಸಲ ಎಣಿಸುತ್ತೇವೆ. ಮೂರರಲ್ಲೂ ಉಳಿಯುವ ಜೋಡಿಗಳನ್ನು ಮೊದಲು ಬರೆಯುತ್ತೇವೆ, ಅಂಚಿನವನ್ನು ಅಣುಗಳ ಚಿತ್ರ ತೋರಿಸುವ ಪೈಮಾಲ್‌ ತಂತ್ರಾಂಶದಲ್ಲಿ ತಿರುಗಿಸಿ ಕಣ್ಣಾರೆ ನೋಡುತ್ತೇವೆ: ಎದುರಾಗಿರುವುದು ಏನು, ಎಣ್ಣೆಯಂಥ ಮೈಯೋ, ವಿರುದ್ಧ ವಿದ್ಯುದಂಶವೋ, ನಡುವೆ ನೀರಿನ ಅಣು ಇದೆಯೋ. ದೂರ ಅದನ್ನು ಹೇಳುವುದಿಲ್ಲ.

ಈಗ ಅವಳು ಟ್ರಿಪ್ಸಿನ್ ಕಡೆಯ ಕೆಲಸ ಹಿಡಿದಿದ್ದಾಳೆ. ಟ್ರಿಪ್ಸಿನನ್ನು ಹಿಡಿಯುವ ಕುಣಿಕೆ, ಆರ್ಜಿನೀನ್ 34 ಮತ್ತು ಲೂಸಿನ್ 35 ಇರುವ ಜಾಗ, ಪ್ರೋಟೀನಿನ ಇನ್ನೊಂದು ಮಗ್ಗುಲಲ್ಲಿದೆ. ಆದ್ದರಿಂದಲೇ ಇದು ಎರಡೂ ಕಿಣ್ವಗಳನ್ನು ಒಟ್ಟಿಗೆ ಹಿಡಿಯಬಲ್ಲದು. ಆ ಕುಣಿಕೆ ಒಳಗಿನ ಯಾವ ರೆಸಿಡ್ಯೂಗಳಿಗೆ ಒರಗಿ ತನ್ನ ಆಕಾರ ಉಳಿಸಿಕೊಂಡಿದೆ ಎಂಬ ಪಟ್ಟಿ ಮಾಡುತ್ತಿದ್ದಾಳೆ. ನಿನ್ನೆ ಸಂಜೆ ಮಾನಸಗಂಗೋತ್ರಿಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಐದು ಗಂಧಕ ಸೇತುವೆಗಳ ಪರೀಕ್ಷೆ ಆಯಿತೇ ಎಂದು ಕೇಳಿದೆ. ಅದನ್ನೇ ಮೊದಲು ಮಾಡಿದೆ ಎಂದಳು.