340 ಜನರ ಹಾಜರಿ, ತಲೆಗೊಂದೇ ಬಾಕ್ಸ್: ನನ್ನ ಅನುಭವ

ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್. 340 ಕೆಲಸಗಾರರು. ತಿಂಗಳ ಹಾಜರಿಯೆಲ್ಲ ಒಂದೇ ಪುಟದಲ್ಲಿ ಕಾಣಬೇಕು, ಅಲ್ಲೇ ತಿದ್ದಬೇಕು. ಅವರ ಸಾಫ್ಟ್‌ವೇರ್ ಜಾವಾದ್ದು: ಫಾರ್ಮ್ ನಿಭಾಯಿಸಲು ಸ್ಪ್ರಿಂಗ್ ಎಂವಿಸಿ, ಪುಟ ಬರೆಯಲು ಜೆಎಸ್‌ಪಿ, ಇವನ್ನು ಓಡಿಸುವ ಸರ್ವರ್ ಟಾಮ್‌ಕ್ಯಾಟ್ 9. ‘ಇದರಲ್ಲಿ ಆಗಲ್ಲ, ರಿಯಾಕ್ಟ್‌ನಲ್ಲಿ ಹೊಸದಾಗಿ ಬರೆಸಿ’ ಅಂತ ಒಬ್ಬರು ಮೂರೂವರೆ ಲಕ್ಷದ ಕೊಟೇಶನ್ ಕೊಟ್ಟಿದ್ದರು. ನಾನು 60 ಸಾವಿರಕ್ಕೆ ಒಪ್ಪಿಕೊಂಡೆ. ಗೆಳೆಯರು ನಕ್ಕರು.

ಒಬ್ಬರಿಗೊಂದು ಸಾಲು, ದಿನಕ್ಕೊಂದು ಚೆಕ್‌ಬಾಕ್ಸ್. ಸಾಲುಗಳಿಗೆ ಮೊದಲು ಲಿಸ್ಟ್ ಇಟ್ಟೆ, ಅಂದರೆ ಒಂದು, ಎರಡು ಅಂತ ಸ್ಥಾನದಿಂದ ಗುರುತಿಸುವ ಪಟ್ಟಿ. 257ನೇ ಸಾಲಿಗೆ ಎರರ್. ಫಾರ್ಮ್‌ನಲ್ಲಿ ಬಂದದ್ದನ್ನು ಜಾವಾ ಆಬ್ಜೆಕ್ಟ್‌ಗೆ ತುಂಬುವ ಸ್ಪ್ರಿಂಗ್‌ನ ಬೈಂಡರ್ ತಾನಾಗಿ ಲಿಸ್ಟ್ ಬೆಳೆಸುವುದು 256ರವರೆಗೆ ಮಾತ್ರ, ಗೊತ್ತಿರುವುದೇ ಅಲ್ವಾ, ನಾನು ಮರೆತಿದ್ದೆ. ಸರಿ, ಪೋಸ್ಟ್ (ತುಂಬಿದ ಫಾರ್ಮ್) ಬಂದಾಗಲೂ, ಬೈಂಡರ್‌ಗಿಂತ ಮೊದಲೇ ಓಡುವ ಮಾಡೆಲ್‌ಆಟ್ರಿಬ್ಯೂಟ್ ಮೆಥಡ್‌ನಲ್ಲಿ ಡೇಟಾಬೇಸ್‌ನಿಂದ ಲಿಸ್ಟ್ ತುಂಬಿಸಿದೆ. ಎರರ್ ಹೋಯಿತು, ಅದಕ್ಕಿಂತ ದೊಡ್ಡ ಎಡವಟ್ಟು ಬಂತು. ಪುಟ ತೆರೆದಿದ್ದಾಗಲೇ ಯಾರೋ ಹೊಸಬರನ್ನು ಸೇರಿಸಿದರು. ಹೆಸರಿನ ಪ್ರಕಾರ ಜೋಡಿಸಿದ್ದ ಲಿಸ್ಟ್ ಒಂದು ಸಾಲು ಕೆಳಗೆ ಜಾರಿತು. ಒಬ್ಬರ ರಜೆ ಇನ್ನೊಬ್ಬರ ತಲೆಗೆ. ಸಂಬಳದ ದಿನ ಬೈಗುಳ ತಿಂದು, ಸ್ಥಾನದ ಬದಲು ಕೀಯಿಂದ ಸಾಲು ಗುರುತಿಸುವ ಮ್ಯಾಪ್‌ಗೆ ಬದಲಾದೆ, ಕೀ ಆಗಿ ಕೆಲಸಗಾರರ ನಂಬರ್.

ಮುಂದಿನ ತಿಂಗಳು ಸುಮಾರು 175ನೇ ಸಾಲಿನಿಂದ ಕೆಳಗಿನವರೆಲ್ಲ ಗೈರುಹಾಜರು! ಮೆಮೊರಿ ಸಾಲದು ಅಂತ ದೊಡ್ಡ ಸರ್ವರ್ ಬಾಡಿಗೆಗೆ ಹಿಡಿದು ನಾಲ್ಕೈದು ಸಾವಿರ ಸುಮ್ನೆ ಕಳೆದೆ. ಮೂರು ರಾತ್ರಿ ಆದ ಮೇಲೆ ಲಾಗ್‌ನ ಮೂಲೆಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ನನ್ನ ಟಾಮ್‌ಕ್ಯಾಟ್‌ನಲ್ಲಿ ಮ್ಯಾಕ್ಸ್‌ಪ್ಯಾರಾಮೀಟರ್‌ಕೌಂಟ್, ಅಂದರೆ ಒಂದು ಪೋಸ್ಟ್‌ನಲ್ಲಿ ಒಪ್ಪುವ ಪ್ಯಾರಾಮೀಟರ್‌ಗಳ (ಫೀಲ್ಡ್‌ಗಳ) ಮಿತಿ, 10,000. 340 ಜನ, 31 ದಿನ, ಅಲ್ಲಿಗೇ 10,540 ಚೆಕ್‌ಬಾಕ್ಸ್. ಟಿಕ್ ತೆಗೆದದ್ದೂ ಗೊತ್ತಾಗಲಿ ಅಂತ ಒಂದೊಂದರ ಬೆನ್ನಿಗೂ ಸ್ಪ್ರಿಂಗ್ ಅಂಟಿಸುವ ಅಂಡರ್‌ಸ್ಕೋರ್ ಹಿಡನ್ ಫೀಲ್ಡ್ ಬೇರೆ. ಮಿಕ್ಕಿದ್ದನ್ನು ಟಾಮ್‌ಕ್ಯಾಟ್ ತೆಪ್ಪಗೆ ಎಸೆಯುತ್ತಿತ್ತು. ಮಿತಿ ಏರಿಸಿದರೆ ಡೇಟಾ ಬರುತ್ತಿತ್ತು, ಆದರೆ ಪುಟ ತೆರೆಯಲು ಅರ್ಧ ನಿಮಿಷ.

ದಾರಿ ಸಿಕ್ಕಿದ್ದು ಟೈಮ್ ಆಫೀಸಿನ ಅಕ್ಕನ ಹಾಜರಿ ಪುಸ್ತಕದಲ್ಲಿ. ಅವರು ಒಬ್ಬರಿಗೆ ಒಂದು ಸಾಲಿನಲ್ಲಿ ಪಿ, ಪಿ, ಎ (ಪಿ ಹಾಜರು, ಎ ಗೈರು) ಅಂತ ಗೀಚುತ್ತಾ ಹೋಗುತ್ತಾರೆ. ನಾನೂ ಒಬ್ಬರಿಗೆ ಒಂದೇ ಟೆಕ್ಸ್ಟ್ ಬಾಕ್ಸ್ ಕೊಟ್ಟೆ, 31 ಅಕ್ಷರ. ಹಾಜರಿಗೆ ನನ್ನದೇ ಒಂದು ಕ್ಲಾಸ್, ಅದನ್ನು ಅಕ್ಷರಗಳಾಗಿ, ಅಕ್ಷರಗಳನ್ನು ಅದಾಗಿ ಬದಲಿಸಲು ಒಂದು ಪ್ರಾಪರ್ಟಿಎಡಿಟರ್, ಬೈಂಡರ್ ಸಜ್ಜುಗೊಳಿಸುವ ಇನಿಟ್‌ಬೈಂಡರ್ ಮೆಥಡ್‌ನಲ್ಲಿ ಅದರ ರಿಜಿಸ್ಟರ್. ಗೆಟ್‌ಆಸ್‌ಟೆಕ್ಸ್ಟ್ ಫಾರ್ಮ್ ತುಂಬುತ್ತದೆ, ಸೆಟ್‌ಆಸ್‌ಟೆಕ್ಸ್ಟ್ ವಾಪಸ್ ಬಿಡಿಸುತ್ತದೆ. ಅಕ್ಷರ ಒಂದು ಕಡಿಮೆಯಾದರೆ ಇಲ್ಲೀಗಲ್‌ಆರ್ಗ್ಯುಮೆಂಟ್ ಎರರ್ ಎಸೆಯುತ್ತೇನೆ. ಆ ಸಾಲು ಮಾತ್ರ ಕೆಂಪಾಗುತ್ತದೆ, ಟೈಪ್ ಮಾಡಿದ್ದು ಹಾಗೇ ಉಳಿಯುತ್ತದೆ. ಹೊಸ ತಿಂಗಳಿಗೆ ಎಲ್ಲ ಪಿ, ಭಾನುವಾರಕ್ಕೆ ಡಬ್ಲ್ಯೂ (ವಾರದ ರಜೆ) ಮೊದಲೇ ತುಂಬಿರುತ್ತದೆ. ಹತ್ತು ಸಾವಿರದ ಜಾಗದಲ್ಲಿ ಮುನ್ನೂರ ಚಿಲ್ಲರೆ ಪ್ಯಾರಾಮೀಟರ್.

ಬೈಂಡರ್ ಯಾವ ಫೀಲ್ಡ್ ಮಾತ್ರ ತುಂಬಬಹುದು ಅಂತ ಹೇಳುವ ಸೆಟ್‌ಅಲೌಡ್‌ಫೀಲ್ಡ್ಸ್ ಮರೆಯಬೇಡಿ, ಇಲ್ಲದಿದ್ದರೆ ಯಾರಾದರೂ ಕೂಲಿ ದರವನ್ನೂ ಪೋಸ್ಟ್‌ನಲ್ಲಿ ತುರುಕುತ್ತಾರೆ. ಇಬ್ಬರು ಒಟ್ಟಿಗೆ ತಿದ್ದಿದರೆ ಹೇಗೆ ಹಿಡಿಯುತ್ತೇನೆ ಅನ್ನುವುದು ನನ್ನಲ್ಲೇ ಇರಲಿ, ಅದರಿಂದ ಇನ್ನೂ ಎರಡು ಕೆಲಸ ಸಿಕ್ಕಿವೆ. ಫಾರ್ಮ್‌ನ ಬದಲು ಎಲ್ಲವನ್ನೂ ಜೆಸನ್ ಎಂಬ ಪಠ್ಯರೂಪದಲ್ಲಿ ಕಳಿಸಿಯೂ ನೋಡಿದ್ದೆ. ಸಾಲಿನ ಪಕ್ಕದ ಎರರ್ ಸಂದೇಶವೆಲ್ಲ ಕೈಯಿಂದ ಬರೆಯಬೇಕಾಯಿತು, ಬಿಟ್ಟೆ.

ಎರಡು ದಿನ ಹಿಡಿಯುತ್ತಿದ್ದ ಕೆಲಸವನ್ನು ಅಕ್ಕ ಈಗ ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಾರೆ. ಓವರ್‌ಟೈಮ್‌ಗೂ ಇದನ್ನೇ ಹಾಕಲು ಹೋದೆ. ಎರಡೂವರೆ ಗಂಟೆಗೆ ಯಾವ ಅಕ್ಷರ? ಅದಕ್ಕೆ ಮಾತ್ರ ಇನ್ನೂ ಹಳೇ ಬಾಕ್ಸ್‌ಗಳೇ.