ಮೆಷಿನ್ ಮುರಿದುಕೊಂಡ ಐವತ್ತೊಂದು ರೂಪಾಯಿ

ಸಾಗರದಿಂದ ಜೋಗಕ್ಕೆ ಹೋಗುವ ದಾರಿಯಲ್ಲಿ ನಮ್ಮ ಅಂಗಡಿ. ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಕಾಳುಮೆಣಸು, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾರುತ್ತೇನೆ. ಮಳೆ ಹಿಡಿದು ಜೋಗ ತುಂಬಿತೆಂದರೆ ಬೆಂಗಳೂರಿನ ಕಾರುಗಳ ಸಾಲು, ಉಳಿದ ದಿನ ಊರಿನವರೇ ಗಿರಾಕಿ. ಕಾರ್ಡ್ ಮೆಷಿನ್ ಇಟ್ಟಿದ್ದು ಕಾರಿನವರಿಗಾಗಿ. ಅದರ ಖರ್ಚು ಯಾರ ತಲೆಗೆ ಬೀಳುತ್ತದೆ ಅಂತ ಲೆಕ್ಕ ಹಾಕಿದ್ದು ಮಾತ್ರ ಎರಡು ವರ್ಷದ ಮೇಲೆ.

ಒಂದು ಭಾನುವಾರ ಒಬ್ಬರೇ 2,400 ರೂಪಾಯಿಯ ಸಾಮಾನು ಕಟ್ಟಿಸಿಕೊಂಡು ಕ್ರೆಡಿಟ್ ಕಾರ್ಡ್ ಕೊಟ್ಟರು. ಮರುದಿನ ಖಾತೆಗೆ ಬಂದದ್ದು 2,349 ರೂಪಾಯಿ ಚಿಲ್ಲರೆ. ಮೆಷಿನ್ ಕೊಟ್ಟವರಿಗೆ ಫೋನ್ ಹಚ್ಚಿ ಕೇಳಿದೆ. ನನಗೆ ನಿಗದಿಯಾಗಿದ್ದ ಶುಲ್ಕದ ದರ ಶೇ. 1.8, ಅಂದರೆ 43 ರೂಪಾಯಿ 20 ಪೈಸೆ. ಆ ಶುಲ್ಕದ ಮೇಲೆ ಮತ್ತೆ ಶೇ. 18 ಜಿಎಸ್‌ಟಿ, 7 ರೂಪಾಯಿ 78 ಪೈಸೆ. ಒಟ್ಟು ಐವತ್ತೊಂದಕ್ಕೆ ಎರಡು ಪೈಸೆ ಕಮ್ಮಿ. ಬಿಲ್ 2,000ದ ಒಳಗಿದ್ದರೆ ಶುಲ್ಕದ ಮೇಲಿನ ಜಿಎಸ್‌ಟಿ ಇಲ್ಲ, ಶುಲ್ಕ ಇದ್ದೇ ಇದೆ. ಕೇಳುವುದಕ್ಕೆ ನೂರಕ್ಕೆ ಎರಡು ಅನ್ನಿಸುತ್ತದೆ. ಆದರೆ ನನ್ನ ಲಾಭ ನೂರಕ್ಕೆ ಹದಿನೈದು. 2,400ಕ್ಕೆ ನನಗೆ ಉಳಿಯುವುದೇ 360, ಅದರಲ್ಲಿ 51 ಹೋಯಿತು. ಏಳರಲ್ಲಿ ಒಂದು ಪಾಲು, ನಾನು ಎದ್ದು ಜಾಡಿ ಇಳಿಸುವುದರೊಳಗೆ.

ಸಿಟ್ಟು ಬಂದು ಗಲ್ಲಾದ ಮುಂದೆ ‘ಕಾರ್ಡಿಗೆ ಶೇ. 2 ಹೆಚ್ಚುವರಿ’ ಅಂತ ಬೋರ್ಡ್ ಬರೆದು ನೇತುಹಾಕಿದೆ. ನಾಲ್ಕೇ ದಿನ. ಗಿರಾಕಿಯೊಬ್ಬರು, ಪಾಪ, ಸಮಾಧಾನವಾಗಿಯೇ ಹೇಳಿದರು: ‘ಹೀಗೆ ತಗೊಳ್ಳೋ ಹಾಗಿಲ್ಲ, ನಿಮ್ಮ ಒಪ್ಪಂದ ಓದಿ ನೋಡಿ.’ ಓದಿದೆ. ಹೌದು, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು. ಬೋರ್ಡ್ ಇಳಿಸಿ, ಎಲ್ಲ ಸಾಮಾನಿನ ಬೆಲೆಯನ್ನೂ ಎರಡೆರಡು ರೂಪಾಯಿ ಏರಿಸಿದೆ.

ಆಮೇಲೆ ವಿಚಾರಿಸಿದಾಗ ಒಂದೊಂದೇ ತಿಳಿಯಿತು. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರ ಜನವರಿ 1ರಿಂದ ವ್ಯಾಪಾರಿಗೆ ಶುಲ್ಕವೇ ಇಲ್ಲ. ಬೇರೆ ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ: ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಶೇ. 0.40, ಮೇಲಿದ್ದರೆ ಶೇ. 0.90. ಕ್ರೆಡಿಟ್ ಕಾರ್ಡಿಗೆ ಅಂಥ ಕಡಿವಾಣವಿಲ್ಲ. ಮುರಿದುಕೊಂಡ ಹಣದ ದೊಡ್ಡ ಪಾಲು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಅವರಿಗೆ ಬರುವ ರಿವಾರ್ಡ್ ಪಾಯಿಂಟಿನ ಮೂಲವೂ ಅದೇ. ನಾನು ಅದನ್ನು ತುಂಬಿಕೊಳ್ಳಲು ಎಲ್ಲ ಸಾಮಾನಿಗೂ ಎರಡೆರಡು ರೂಪಾಯಿ ಏರಿಸಿದ್ದೆನಲ್ಲ, ಅದನ್ನು ಕೊಡುತ್ತಿದ್ದವರು ಯಾರು? ತೋಟದ ಕೆಲಸ ಮುಗಿಸಿ, ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟು ಅರ್ಧ ಕೆಜಿ ಜೋನಿ ಬೆಲ್ಲ ಒಯ್ಯುವ ಹೆಂಗಸೂ ಕೊಡುತ್ತಿದ್ದಳು. ಬೆಂಗಳೂರಿನವರ ಪಾಯಿಂಟಿಗೆ ಅವಳ ಎರಡು ರೂಪಾಯಿ. ಇದು ಹೊಳೆದ ದಿನ ನನಗೆ ನಿಜಕ್ಕೂ ಕಸಿವಿಸಿಯಾಯಿತು.

ಊರಿನವರು ಒಯ್ಯುವ ಬಿಡಿ ಸಾಮಾನಿನ ಬೆಲೆ ಹಳೆಯದಕ್ಕೇ ಇಳಿಸಿದೆ. ಕಾರಿನವರು ಒಯ್ಯುವ ಗಾಜಿನ ಬಾಟಲಿ, ಗಿಫ್ಟ್ ಬುಟ್ಟಿಗಳಿಗೆ ಮಾತ್ರ ಏರಿಸಿದೆ. ನೋಟು ಇಲ್ಲವೇ ಯುಪಿಐ ಕೊಟ್ಟರೆ ಬುಟ್ಟಿಯ ಮೇಲೆ ಇಪ್ಪತ್ತು ರೂಪಾಯಿ ಬಿಡುತ್ತಿದ್ದೆ. ಹೆಚ್ಚುವರಿ ಅಂದರೆ ಜಗಳಕ್ಕೆ ಬರುವ ಜನ ರಿಯಾಯಿತಿ ಅಂದರೆ ನಗುತ್ತಾರೆ.

ತೆರಿಗೆಯದ್ದು ಇನ್ನೊಂದು ಕತೆ. ವರ್ಷದ ವಹಿವಾಟು 40 ಲಕ್ಷ ದಾಟಿದಾಗ ಜಿಎಸ್‌ಟಿ ನೋಂದಣಿ ಮಾಡಿಸಿ, ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಸ್ಕೀಮ್ ಸೇರಿದ್ದೆ. ನನ್ನಂಥ ಮಾರಾಟಗಾರರಿಗೆ ಶೇ. 1, ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಮುಗಿಯಿತು. ಆದರೆ ಆ ಒಂದು ನನ್ನ ಜೇಬಿನಿಂದಲೇ ಹೋಗಬೇಕು, ಗಿರಾಕಿಯ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಬರೆಯುವ ಹಾಗಿಲ್ಲ. ಬಾಟಲಿಗೆ, ಮೆಷಿನ್ ಬಾಡಿಗೆಗೆ ನಾನು ಕೊಟ್ಟ ತೆರಿಗೆ ವಾಪಸೂ ಇಲ್ಲ. ಅದನ್ನೂ ಸಹಿಸಿಕೊಂಡಿದ್ದೆ. ಒಮ್ಮೆ ಬಂದು ಹೋದವರು ಚೆನ್ನೈನಿಂದ ‘ಹತ್ತು ಬಾಟಲಿ ಕೊರಿಯರ್ ಮಾಡಿ’ ಅಂದಾಗ ಸಿಕ್ಕಿಬಿದ್ದೆ. ಆ ಸ್ಕೀಮಿನಲ್ಲಿ ಹೊರರಾಜ್ಯಕ್ಕೆ ಮಾರುವಂತಿಲ್ಲ. ಇತ್ತ ಹೋಂಸ್ಟೇ ಕಡೆಯವರದು ಜಿಎಸ್‌ಟಿ ಬಿಲ್ಲೇ ಬೇಕೆಂಬ ಹಟ. 2023ರ ಏಪ್ರಿಲ್‌ನಿಂದ ಮಾಮೂಲಿ ಪದ್ಧತಿಗೆ ಬಂದೆ.

ಬಂದ ಮೇಲೆ ಉಪ್ಪಿನಕಾಯಿ ನೀರಿಳಿಸಿತು. ಆಗ ಅದಕ್ಕೆ ಶೇ. 12. 180ರ ಬಾಟಲಿಯಲ್ಲಿ ಮೊದಲು 1 ರೂಪಾಯಿ 80 ಪೈಸೆ ಕಟ್ಟುತ್ತಿದ್ದವನು ಈಗ 19 ರೂಪಾಯಿ 29 ಪೈಸೆ ಲೆಕ್ಕ ತೋರಿಸಬೇಕು, ಅದರಲ್ಲಿ ನಾನು ಮೊದಲೇ ಕೊಟ್ಟ ತೆರಿಗೆ ಕಳೆಯಬೇಕು. ನನ್ನ ಉಪ್ಪಿನಕಾಯಿ ಬರುವುದು ಮನೆಯಲ್ಲಿ ಹಾಕುವ ಹೆಂಗಸರಿಂದ. ಅವರಿಗೆ ನೋಂದಣಿ ಇಲ್ಲ, ಹಾಗಾಗಿ ಕಳೆಯುವುದಕ್ಕೆ ಬಾಟಲಿಯ ತೆರಿಗೆ ಬಿಟ್ಟರೆ ಹೆಚ್ಚೇನಿಲ್ಲ. 2025ರ ಸೆಪ್ಟೆಂಬರ್ 22ರಂದು ದರ ಶೇ. 5ಕ್ಕೆ ಇಳಿದಾಗ ಉಸಿರು ಬಿಟ್ಟೆ. 180ರ ಬಾಟಲಿಗೆ ಹೊಸ ದರದಲ್ಲಿ ಲೆಕ್ಕ ಹಾಕಿದರೆ 168.75 ಬಂತು. 168 ಅಂತ ಹೊಸ ಚೀಟಿ ಅಂಟಿಸಿದೆ.

ಚೀಟಿ ಅಂದಾಗ ಜೋನಿ ಬೆಲ್ಲ ನೆನಪಾಗುತ್ತದೆ. ಡಬ್ಬದಿಂದ ಸೌಟಿನಲ್ಲಿ ಎತ್ತಿ, ಎಳೆ ಕಡಿಯುವವರೆಗೆ ಕಾದು, ಗಿರಾಕಿ ತಂದ ಪಾತ್ರೆಗೆ ಸುರಿದು ತೂಗಿಕೊಟ್ಟರೆ ತೆರಿಗೆ ಇಲ್ಲ. ಅದೇ ಬೆಲ್ಲವನ್ನು ಮೊದಲೇ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಹೆಸರು ತೂಕದ ಲೇಬಲ್ ಅಂಟಿಸಿಟ್ಟರೆ ಶೇ. 5. ಜೋನಿ ಬೆಲ್ಲಕ್ಕೆ 2023ರ ಮಾರ್ಚ್ 1ರಿಂದ ಹೀಗೆ. ಜೇನಿಗೂ ಇದೇ ಲೆಕ್ಕ. ಹಪ್ಪಳಕ್ಕೆ ಮಾತ್ರ ಹೇಗೆ ಕಟ್ಟಿದರೂ ತೆರಿಗೆ ಇಲ್ಲ, ಪುಣ್ಯ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಸುದ್ದಿ ಬಂದಾಗ ಪಕ್ಕದ ಚಹಾ ಅಂಗಡಿಯವನು ಕ್ಯೂಆರ್ ಹಾಳೆ ಕಿತ್ತು ‘ನಗದು ಮಾತ್ರ’ ಅಂತ ಬರೆದ. ಸ್ಕ್ಯಾನ್ ಮಾಡಿದ್ದಕ್ಕೇ ತೆರಿಗೆ ಅಂತ ಅವನ ನಂಬಿಕೆ. ತೆರಿಗೆ ವ್ಯಾಪಾರಕ್ಕೆ ಮಾರಾಯ, ನೋಟಿನಲ್ಲಿ ಬಂದರೂ ಅಷ್ಟೇ, ನಿನ್ನದು ಹೋಟೆಲ್ ಲೆಕ್ಕ, ನೋಂದಣಿಗೆ ಮಿತಿ 20 ಲಕ್ಷ, ಪುಸ್ತಕ ಬರೆದಿಡು ಅಂದೆ. ಅವನು ಪುಸ್ತಕ ಬರೆಯಲಿಲ್ಲ. ಚಿಲ್ಲರೆ ಸಿಗದೆ ಹದಿನೈದು ದಿನಕ್ಕೆ ಕ್ಯೂಆರ್ ವಾಪಸ್ ಅಂಟಿಸಿದ.

ಕಾರ್ಡ್ ಮೆಷಿನ್ನನ್ನು ಹೋದ ಮಳೆಗಾಲದಲ್ಲಿ ಹಿಂತಿರುಗಿಸಿದೆ. ಟವರ್ ಸತ್ತ ದಿನ ಅದು ಬರೀ ಡಬ್ಬಿ, ಬಾಡಿಗೆ ಮಾತ್ರ ತಪ್ಪದು. ವಾಪಸ್ ಕೊಟ್ಟ ಮೇಲೂ ಮೂರು ತಿಂಗಳು ಬಾಡಿಗೆ ಮುರಿದುಕೊಂಡರು, ಮೇಲ್ ಬರೆದು ಬರೆದು ವಸೂಲು ಮಾಡಿದೆ. ಇನ್ನು ಬರೀ ಯುಪಿಐ, ಶುಲ್ಕದ ಕಾಟ ಇಲ್ಲ ಅಂದುಕೊಂಡಿದ್ದೆ. ಮೊನ್ನೆ 3,100ರ ಬಿಲ್, ಗಿರಾಕಿ ಕ್ಯೂಆರನ್ನೇ ಸ್ಕ್ಯಾನ್ ಮಾಡಿ ಹೋದರು. ಖಾತೆಗೆ ಬಂದ ಹಣ ಕಮ್ಮಿ. ಅವರು ಯುಪಿಐಗೆ ಜೋಡಿಸಿದ್ದು ರುಪೇ ಕ್ರೆಡಿಟ್ ಕಾರ್ಡ್.